ನನ್ನ ನಾಲ್ಕು ಧೋತರಗಳು ಕೌದಿಯಾದದ್ದು

ಯಾವುದನ್ನೂ ಎಸೆಯಲಾರದ ಸ್ವಭಾವ ನನ್ನದು. ನಾನು ಚಿಕ್ಕವನಿದ್ದಾಗ ಇಂಥವರನ್ನು ನಮ್ಮ ಜಮಖಂಡಿಯಲ್ಲಿ ಮುಲಾಜಿಲ್ಲದೆ ಜಿಪುಣ ಎನ್ನುತ್ತಿದ್ದರು. ನನ್ನ ಪುಣ್ಯಕ್ಕೆ, ನಾನು ನಡುವಯಸ್ಸಿಗೆ ಬರುವ ಹೊತ್ತಿಗೆ ಪರಿಸರ ಎಂಬ ಮಾತು ನಮ್ಮ ಊರಿಗೂ ಬಂತು. ಟೂತ್‌ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ ಒಳಗಿನದನ್ನು ಕೆರೆದು ತೆಗೆಯುವುದು, ಲಗ್ನಪತ್ರಿಕೆಯ ಹಿಂಬದಿಯಲ್ಲಿ ಸಂತೆಯ ಚೀಟಿ ಬರೆಯುವುದು, ತುಂಡಾದ ಸಾಬೂನುಗಳನ್ನೆಲ್ಲ ಒತ್ತಿ ಒಂದು ಉಂಡೆ ಮಾಡುವುದು, ಇವೆಲ್ಲ ಒಂದೇ ಏಟಿಗೆ ದುರ್ಗುಣದ ಪಟ್ಟಿಯಿಂದ ಆದರ್ಶದ ಪಟ್ಟಿಗೆ ಜಿಗಿದವು. ನಾನು ಪ್ರೌಢಶಾಲೆಯ ವಿಜ್ಞಾನ ಮಾಸ್ತರ. ಹೆಡ್‌ಮಾಸ್ತರರು ಪರಿಸರ ಸಂಘವನ್ನು ನನ್ನ ತಲೆಗೆ ಕಟ್ಟಿದರು, ನಾನೂ ಸಂಕೋಚವಿಲ್ಲದೆ ಕಟ್ಟಿಸಿಕೊಂಡೆ. ಈ ಬಡ್ತಿಯನ್ನು ಒಪ್ಪದವಳು ಊರಿನಲ್ಲಿ ಒಬ್ಬಳೇ, ನನ್ನ ಹೆಂಡತಿ ಗಿರಿಜಾ. “ಹೆಸರ ಬದಲಾದ್ರ ಗುಣಾ ಬದಲಾಕ್ಕತೇನ್ರಿ?” ಎಂದು ಆಕೆ ಸಾಬೂನಿನ ಉಂಡೆಯನ್ನು ತೋರಿಸಿ ಕೇಳಿದ್ದಳು.

ಚಳಿಗಾಲ ಬಂದರೆ ನನ್ನ ಪರಿಸರಪ್ರೇಮ ಇನ್ನಷ್ಟು ಕೆರಳುತ್ತದೆ. ಆಲಮಟ್ಟಿಯ ಹಿನ್ನೀರು ನಿಂತ ಮೇಲೆ ನಮ್ಮ ಕಡೆ ಥಂಡಿ ಹೆಚ್ಚಾಗಿದೆ ಎಂದು ಜನ ಆಡಿಕೊಳ್ಳುತ್ತಾರೆ. ವಿಜ್ಞಾನದ ಮಾಸ್ತರನಾಗಿ ನಾನು ಇದನ್ನು ಖಂಡಿಸುತ್ತೇನೆ, ಆದರೆ ಮಫ್ಲರು ಸುತ್ತಿಕೊಂಡೇ ಖಂಡಿಸುತ್ತೇನೆ. ನಮ್ಮ ಓಣಿಗೆ ಮೊದಲು ಸೋಲಾರ್ ಹೀಟರ್ ಹಾಕಿಸಿದವನೂ ನಾನೇ. ಮಾಳಿಗೆಯಿಂದ ಬಚ್ಚಲಿನವರೆಗೆ ಪೈಪು ಉದ್ದ, ಹೀಗಾಗಿ ಬಿಸಿನೀರು ಬರುವ ಮುಂಚೆ ಒಂದೂವರೆ ಬಕೆಟ್ಟು ತಣ್ಣೀರು ಬರುತ್ತದೆ. ಆ ನೀರನ್ನು ಚೆಲ್ಲಬಾರದು, ಮೊದಲು ಸ್ನಾನ ಮಾಡುವವರು ಅದನ್ನೇ ಬಳಸಬೇಕು ಎಂದು ನಾನು ಕಾಯಿದೆ ಮಾಡಿದೆ. ಅಂದಿನಿಂದ ನಮ್ಮ ಮನೆಯಲ್ಲಿ ಮೊದಲು ಸ್ನಾನ ಮಾಡುವವರೇ ಇಲ್ಲವಾದರು. ಗಿರಿಜಾಗೆ ಹೂವು ಬಿಡಿಸುವುದು ಮುಗಿಯುತ್ತಿರಲಿಲ್ಲ. ನನಗೆ ಪೇಪರು ಓದುವುದು ಮುಗಿಯುತ್ತಿರಲಿಲ್ಲ, ಟೆಂಡರ್ ನೋಟೀಸುಗಳನ್ನು ಕೂಡ ನಾನು ಆಸ್ಥೆಯಿಂದ ಓದತೊಡಗಿದೆ. ಕೊನೆಗೆ ಆ ನೀರು ಹಿತ್ತಲಿನ ಕರಿಬೇವಿಗೆ ಹೋಯಿತು. ಆ ವರ್ಷ ನಮ್ಮ ಮನೆಯಲ್ಲಿ ದಿನಾ ತಪ್ಪದೆ, ಯಾರಿಗಿಂತಲೂ ಮೊದಲು ಮೈತೊಳೆದುಕೊಂಡದ್ದು ಆ ಗಿಡ ಒಂದೇ.

ಹೀಗಿರುವಾಗ ಒಂದು ಕಾರ್ತಿಕದಲ್ಲಿ ಮಗಳು ಸುಧಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಚಳಿ ನೆತ್ತಿಗೇರುವ ಹೊತ್ತಿಗೆ ಕೂಸು ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಗಿರಿಜಾ ಬೇಕಾದದ್ದೆಲ್ಲ ಹೊಂದಿಸುತ್ತ ಒಂದು ಮಾತು ಎತ್ತಿದಳು: “ಎಲ್ಲಾ ಆತು. ಕೂಸಿಗೆ ಒಂದ ಕೌದಿ ಹೊಲಿಸಬೇಕ್ರಿ.” ನನಗೆ ರೋಮಾಂಚನವಾಯಿತು. ಉಟ್ಟು ಸವೆದ ಬಟ್ಟೆಗಳನ್ನು ಒಂದರ ಮೇಲೊಂದು ಹರಡಿ, ಅಂಚಿನಿಂದ ನಡುವಿನವರೆಗೆ ಕೈಯಿಂದ ಟಾಕು ಹಾಕುತ್ತ ಹೋಗುವ ಕೌದಿಗಿಂತ ದೊಡ್ಡ ಪರಿಸರಸ್ನೇಹಿ ವಸ್ತು ಜಗತ್ತಿನಲ್ಲಿ ಇನ್ನೊಂದಿದೆಯೇ? ಅದರಲ್ಲೂ ಹಸುಗೂಸಿನ ಕೌದಿಗೆ ಹೊಸ ಬಟ್ಟೆ ನಡೆಯುವುದೇ ಇಲ್ಲ. ಹಿರಿಯರು ಉಟ್ಟು ಮೆತ್ತಗಾದ ಬಟ್ಟೆಯಲ್ಲೇ ಕೂಸು ಮಲಗಬೇಕು, ಆಗಲೇ ಅದಕ್ಕೆ ಮನೆಯ ಮೈ ಹತ್ತುತ್ತದೆ ಎಂದು ನಮ್ಮ ಕಡೆಯ ನಂಬಿಕೆ. ಒಂದು ಎಳೆ ಹೊಸ ನೂಲೂ ಕೊಳ್ಳದೆ ನನ್ನ ಮೊಮ್ಮಗುವಿನ ಚಳಿ ಕಳೆಯುತ್ತೇನೆ ಎಂದು ಶಾಲೆಯ ಸ್ಟಾಫ್ ರೂಮಿನಲ್ಲಿ ಘೋಷಿಸಿಬಿಟ್ಟೆ.

ಕೌದಿ ಹೊಲಿಯಲು ಬಾಳವ್ವನಿಗೆ ಹೇಳಿಕಳಿಸಿದೆವು. ಎಪ್ಪತ್ತು ದಾಟಿದ ಮುದುಕಿ. ನಮ್ಮ ಓಣಿಯ ಅರ್ಧ ಜನ ಹುಟ್ಟಿ ಮೊದಲು ಮಲಗಿದ್ದು ಆಕೆಯ ಕೌದಿಯ ಮೇಲೆಯೇ. ನಾನು ಟ್ರಂಕು, ಗಂಟು, ಅಟ್ಟ ಎಲ್ಲ ಜಾಲಾಡಿ ಅಂಗಳದಲ್ಲಿ ಎರಡು ಗುಡ್ಡೆ ಹಳೆಯ ಬಟ್ಟೆ ಒಟ್ಟಿದ್ದೆ. ಬಾಳವ್ವ ಒಂದೊಂದನ್ನೇ ಎತ್ತಿ, ಬೆರಳ ನಡುವೆ ತಿಕ್ಕಿ, ಗಲ್ಲಕ್ಕೆ ಒತ್ತಿಕೊಂಡು ನೋಡಿ ಪಕ್ಕಕ್ಕೆ ಎಸೆಯತೊಡಗಿದಳು. “ಇದು ನೈಲಾನ್. ಇದು ಟೆರಿಕಾಟ್. ಇದಕ ಚಮಕಿ ಹಚ್ಚ್ಯಾರ. ಇದು ಏನೈತೋ ನಮ್ಮಪ್ಪ ಶಿವಗ ಗೊತ್ತು.” ಎರಡೂ ಗುಡ್ಡೆಗಳು ಈ ಕಡೆಯಿಂದ ಆ ಕಡೆಗೆ ಸ್ಥಳಾಂತರಗೊಂಡವು, ಆಕೆಯ ಮಡಿಲಲ್ಲಿ ಒಂದು ಹಳೆಯ ತಲೆದಿಂಬಿನ ಚೀಲ ಮಾತ್ರ ಉಳಿಯಿತು.

“ಯಾಕಬೇ ಬಾಳವ್ವ, ಇಷ್ಟೆಲ್ಲಾ ಅರಿವಿ ಅದಾವಲ್ಲ?” ಎಂದೆ.

“ಮಾಸ್ತರ, ಹಸಗೂಸಿಗೆ ಪ್ಲಾಸ್ಟಿಕ್ ಹೊಚ್ಚತೀರೇನ್ರಿ? ಇದು ಬೆವರ ಕುಡ್ಯಾಂಗಿಲ್ಲ, ನೀರ ಕುಡ್ಯಾಂಗಿಲ್ಲ. ಕೂಸು ಉಚ್ಚಿ ಹೊಯ್ದ್ರ ಕಾಲುವಿಗತೆ ಹರದು ನಿಮ್ಮ ಹಾಸಗಿಗೇ ಬರತೈತಿ ನೋಡ್ರಿ.”

ಪ್ಲಾಸ್ಟಿಕ್ ಬೇಡ ಎಂದು ಮಕ್ಕಳ ಮೆರವಣಿಗೆ ಕಟ್ಟಿಕೊಂಡು ಪೇಟೆಯುದ್ದಕ್ಕೂ ಕೂಗಿದವನು ನಾನು. ಅಂದು ನಾನು ತೊಟ್ಟಿದ್ದ ಪ್ಯಾಂಟು ಈಗ ಬಾಳವ್ವ ಎಸೆದ ಗುಡ್ಡೆಯ ತುದಿಯಲ್ಲಿ ಕಾಲು ಚಾಚಿ ಬಿದ್ದಿತ್ತು. ಗಿರಿಜಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆಕೆಯ ಸೀರೆಗಳೂ ಆ ಗುಡ್ಡೆಯಲ್ಲೇ ಇದ್ದವೆಂಬುದನ್ನು ನಾನು ಎತ್ತಿ ಆಡಲಿಲ್ಲ. ಸಂಸಾರದಲ್ಲಿ ಕೆಲವು ವಾದಗಳನ್ನು ಗೆಲ್ಲದೆ ಬಿಡುವುದು ಮಿತವ್ಯಯ.

ಬನಹಟ್ಟಿಯಲ್ಲಿ ನನ್ನ ಅಕ್ಕನ ಮನೆ ಇದೆ. ಮನೆಯಲ್ಲೇ ಮಗ್ಗ, ಸುತ್ತಲೂ ನೂಲು. ನೇಕಾರರ ಮನೆಯಲ್ಲಿ ಹಳೆಯ ಹತ್ತಿನೂಲಿನ ಸೀರೆಗೆ ಬರವೇ ಎಂದು ರವಿವಾರ ಬಸ್ಸು ಹತ್ತಿದೆ. ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಬಸ್ಸು ಒಂದಕ್ಕೆರಡು ಹೊತ್ತು ತೆಗೆದುಕೊಂಡಿತು. ಮಗ್ಗದ ಸದ್ದಿನಲ್ಲಿ ಬಾಳಿದ ಅಕ್ಕನಿಗೆ ಮಗ್ಗ ನಿಂತಾಗಲೂ ಕೂಗಿಯೇ ಮಾತಾಡುವ ರೂಢಿ. “ಹಳೇ ಸೀರಿ ಬೇಕಾಗಿತ್ತೇನೋ ತಮ್ಮಾ?” ಎಂದು ಆಕೆ ಕೇಳಿದ್ದು ನಾಲ್ಕು ಮನೆಯಾಚೆ ಕಟ್ಟೆಯ ಮೇಲೆ ಕೂತವರಿಗೂ ಮುಟ್ಟಿತು. ಅವರು ನನ್ನನ್ನು ಮರುಕದಿಂದ ನೋಡಿದರು. “ನೂಲಿನ ಸೀರಿ ಐದೂ ಪಾತ್ರಿ ಮಾರಾಕ ಬರೋ ಆಕಿಗೆ ಹಾಕಿ ಡಬರಿ ತಗೊಂಡೇನಲ್ಲೋ. ಈಗ ನಾವೂ ನೈಲಾನ್ ಉಡತೀವಿ, ತೊಳದು ಝಾಡಿಸಿದ್ರ ಒಣಗತಾವು.” ಹೀಗೆಂದು ಅಡುಗೆಮನೆಯಿಂದ ಆ ಸ್ಟೀಲ್ ಡಬರಿಯನ್ನೂ ತಂದು ತೋರಿಸಿದಳು. ಐದು ಸೀರೆಗಳ ಮೆತ್ತನೆಯ ಜನ್ಮ ಅದರೊಳಗೆ ತಣ್ಣಗೆ ಹೊಳೆಯುತ್ತಿತ್ತು.

ಬರಿಗೈಲಿ ಕಳಿಸಲು ಮನಸ್ಸಾಗದೆ ಅಕ್ಕ ಮಗ್ಗದಿಂದ ಆಗಷ್ಟೇ ಇಳಿದ ಹೊಸ ನೂಲಿನ ಸೀರೆಯೊಂದನ್ನು ಕೊಟ್ಟಳು. ಹೊಸದು ಕೌದಿಗೆ ನಡೆಯುವುದಿಲ್ಲ ಎಂದೆ. “ಹಂಗಾರ ಗಿರಿಜಾ ಉಟ್ಟು ಹಳೇದು ಮಾಡ್ಲಿ,” ಎಂದಳು. ಹೊಸ ಸೀರೆಯನ್ನು ಗಿರಿಜಾ ಹಬ್ಬಕ್ಕೊಮ್ಮೆ ಮಾತ್ರ ಉಡುವವಳು. ಆ ಸೀರೆ ಕೌದಿಗೆ ಬರುವ ಹೊತ್ತಿಗೆ ಕೂಸು ನನ್ನ ಶಾಲೆಗೆ ಬಂದು ಎಂಟನೆಯ ಇಯತ್ತೆಯಲ್ಲಿ ಕೂತಿರುತ್ತಿತ್ತು. ಆದರೂ ತಂದೆ. ಅಲ್ಲಿಯವರೆಗೆ ಕೌದಿಯಿಂದ ಲಾಭ ಪಡೆದವಳು ಗಿರಿಜಾ ಒಬ್ಬಳೇ. ಹೊಸ ಸೀರೆಯ ಅಂಚು ಸವರಿ, “ನಿಮ್ಮ ಪರಿಸರ ಛಲೋ ಐತಿ ಬಿಡ್ರಿ,” ಎಂದು ಮೊದಲ ಬಾರಿಗೆ ಒಪ್ಪಿಕೊಂಡಳು.

ಮರುದಿನ ಮುಂಜಾನೆ ನಾನು ಕಟ್ಟೆಯ ಮೇಲೆ ಎಳೆಬಿಸಿಲಿಗೆ ಬೆನ್ನು ಕೊಟ್ಟು ಪೇಪರು ಓದುತ್ತಿದ್ದೆ. ಸ್ನಾನ ಮುಂದೂಡುವ ಹೊತ್ತು ಅದು. ಬಟ್ಟೆ ಸಿಕ್ಕಿತೇ ಎಂದು ಕೇಳಲು ಬಂದ ಬಾಳವ್ವ ನನ್ನ ಪಕ್ಕ ಕೂತಳು. ಟೆಂಡರ್ ನೋಟೀಸಿನ ನಡುವೆ ಮೊಣಕಾಲ ಹತ್ತಿರ ಏನೋ ಜಗ್ಗಿದಂತಾಯಿತು. ನೋಡಿದರೆ ಮುದುಕಿ ನಾನು ಉಟ್ಟ ಧೋತರದ ಚುಂಗನ್ನು ಎತ್ತಿ ಗಲ್ಲಕ್ಕೆ ಒತ್ತಿಕೊಂಡು ಕಣ್ಣು ಮುಚ್ಚಿದ್ದಾಳೆ!

“ಗಿರಿಜವ್ವಾ, ಸಿಕ್ಕತ ನೋಡಬೇ! ಬೆಣ್ಣಿ ಐತಿ ಬೆಣ್ಣಿ! ಇಂಥಾವ ಇನ್ನೆಷ್ಟ ಅದಾವು?”

“ಒಟ್ಟ ನಾಕ ಅದಾವ,” ಎಂದು ನಾನು ಬಾಯಿ ತೆರೆಯುವ ಮುಂಚೆಯೇ ಒಳಗಿನಿಂದ ಉತ್ತರ ಬಂತು.

ನಾನು ಸೊಂಟ ಹಿಡಿದುಕೊಂಡು ಎದ್ದು ನಿಂತೆ. ಓದುಗರೇ, ಆ ಧೋತರಗಳ ಬಗ್ಗೆ ನೀವು ತಿಳಿಯಬೇಕು. ಶಾಲೆಯಿಂದ ಬಂದು ಪ್ಯಾಂಟು ಕಳಚಿ ಅದನ್ನು ಸುತ್ತಿಕೊಂಡ ಮೇಲೆಯೇ ನಾನು ಮನುಷ್ಯನಾಗುವುದು. ಸುಧಾ ಹೈಸ್ಕೂಲಿನಲ್ಲಿದ್ದಾಗ ಕೊಂಡವು. ಎಲ್ಲಿ ಹರಿದರೂ ನಾನೇ ಸೂಜಿ ಹಿಡಿದು ಹೊಲಿದುಕೊಂಡಿದ್ದೇನೆ. ತೊಳೆದು ತೊಳೆದು ಅವು ಈಗಷ್ಟೇ ಪಕ್ವವಾಗಿದ್ದವು. ಬಳಕೆ ಮುಗಿಯದೆ ಮರುಬಳಕೆ ಹೇಗೆ ಶುರುವಾಗುತ್ತದೆ ಎಂದು ನಾನು ಕೇಳಿದೆ. ಪ್ರಾಣವಿರುವ ಬಟ್ಟೆಗೆ ಕತ್ತರಿ ಹಾಕುವುದು ಪರಿಸರ ಶಾಸ್ತ್ರಕ್ಕೇ ವಿರುದ್ಧ ಎಂದೆ. ಇನ್ನೂ ಏನೇನೋ ಹೇಳಿದೆ, ಶಾಲೆಯಲ್ಲಾಗಿದ್ದರೆ ಒಂದು ಪೀರಿಯಡ್ಡು ಮುಗಿಯುತ್ತಿತ್ತು.

ತುಂಬಿದ ಹೊಟ್ಟೆ ಹೊತ್ತು ಕುರ್ಚಿಯಲ್ಲಿ ಕೂತಿದ್ದ ಸುಧಾ ಎಲ್ಲವನ್ನೂ ಕೇಳಿದಳು. ಆಮೇಲೆ ಸಿಟ್ಟಿಲ್ಲದೆ, “ಬಿಡ್ರಿ ಅಪ್ಪಾ. ಅಂಗಡ್ಯಾಗಿಂದ ಒಂದ ಹೊಸಾದು ತರಸಿದ್ರಾತು. ಕೂಸು ಅದರಾಗೂ ಬೆಳೀತೈತಿ,” ಎಂದಳು.

ಆಕೆ ಚುಚ್ಚಿ ಮಾತಾಡಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಹಾಗೆ ಮೆತ್ತಗೆ ಹೇಳಿದ್ದು ಕರುಳಿಗೆ ನಾಟಿತು. ಇನ್ನೂ ಹುಟ್ಟದ ಜೀವದ ಜೊತೆ ನಾನು ಧೋತರಕ್ಕಾಗಿ ಜಗಳಕ್ಕೆ ನಿಂತಿದ್ದೇನೆ ಎಂದು ನನಗೇ ನಾಚಿಕೆಯಾಯಿತು. ಒಳಗೆ ಹೋಗಿ ಮೂರನ್ನು ತಂದು ಕೊಟ್ಟೆ. ಇನ್ನೊಮ್ಮೆ ಒಳಗೆ ಹೋಗಿ ಪ್ಯಾಂಟು ತೊಟ್ಟು, ನಾಲ್ಕನೆಯದನ್ನೂ ಮಡಿಸಿ ತಂದು ಬಾಳವ್ವನ ಮಡಿಲಿಗೆ ಹಾಕಿದೆ. ನನ್ನನ್ನು ಹಂಗಿಸುವ ಇಂಥ ಸಂದರ್ಭ ಎಂದೂ ಬಿಡದ ಗಿರಿಜಾ, ಹಾಲು ನೋಡಬೇಕೆಂದು ಒಳಗೆ ಹೋದಳು. ಹಾಲು ಆಗಲೇ ಕಾಯಿಸಿ ಇಳಿಸಿಯಾಗಿತ್ತು.

ಎಂಟು ದಿನ ಬಾಳವ್ವ ನಮ್ಮ ಅಂಗಳದಲ್ಲಿ ಕೂತು ಹೊಲಿದಳು. ಕೊನೆಯ ಮೂಲೆಯೊಂದನ್ನು ತೆರೆದಿಟ್ಟು, “ಹೋಳಿಗಿ ಮಾಡ್ರಿ,” ಎಂದಳು. ಕೌದಿಯ ಹೊಟ್ಟೆ ಹಸಿದಿರಬಾರದಂತೆ, ಮೂಲೆಯೊಳಗೆ ಒಂದು ಚೂರು ಇಟ್ಟು ಹೊಲಿದು ಮುಚ್ಚಬೇಕಂತೆ. ವಿಜ್ಞಾನದ ಮಾಸ್ತರನಾಗಿ ನಾನು ಇರುವೆಗಳ ಪ್ರಶ್ನೆ ಎತ್ತಿದೆ. “ಬಂದ್ರ ಬರಲೇಳ್ರಿ, ಅವಕ್ಕೂ ಥಂಡಿ ಐತಿ,” ಎಂದು ಬಾಳವ್ವ ಒಂದು ಚೂರನ್ನು ಕೌದಿಗೂ ಮೂರು ಹೋಳಿಗೆಯನ್ನು ತನಗೂ ಹಾಕಿಕೊಂಡಳು.

ಹೇಳಿದ ದಿನಕ್ಕಿಂತ ವಾರ ಮೊದಲೇ ಮೊಮ್ಮಗಳು ಹುಟ್ಟಿದಳು. ನನ್ನ ನಾಲ್ಕೂ ಧೋತರಗಳಲ್ಲಿ ಸುತ್ತಿ ಆಕೆಯನ್ನು ನನ್ನ ತೊಡೆಯ ಮೇಲಿಟ್ಟರು. ಅಳಿಯಂದಿರು ಉಡುಗೊರೆ ಕೊಟ್ಟ ಸರಸರ ಸದ್ದು ಮಾಡುವ ನೈಟ್‌ಪ್ಯಾಂಟಿನಲ್ಲಿ ನಾನು ನಡುಗುತ್ತ ಕೂತಿದ್ದೆ. ಕೂಸಿನ ಕೆನ್ನೆಯ ಹತ್ತಿರವೇ ನಾನು ಎಂದೋ ಹಾಕಿದ ಸೊಟ್ಟ ಹೊಲಿಗೆಯೊಂದು ಕಂಡಿತು. ಆ ಕ್ಷಣದಲ್ಲಿ ಯಾರಾದರೂ ಕೇಳಿದ್ದರೆ ಅಂಗಿಯನ್ನೂ ಬಿಚ್ಚಿ ಕೊಡುತ್ತಿದ್ದೆ.

ಅಲ್ಲಿಂದ ಮುಂದೆ ಕೌದಿ ಒಣಗಿಸುವ ಖಾತೆ ನನ್ನದಾಯಿತು. ಕೂಸು ದಿನಾ ಮುಂಜಾನೆ ತನ್ನ ಕೆಲಸ ತಪ್ಪದೆ ಮಾಡುತ್ತಿತ್ತು, ಚಳಿಗಾಲದ ಬಿಸಿಲು ಮಾತ್ರ ತನ್ನದನ್ನು ಅರೆಬರೆ ಮಾಡುತ್ತಿತ್ತು. ಬಿಸಿಲು ಸರಿದಂತೆ ನಾನೂ ಕೌದಿ ಹೊತ್ತು ಕಟ್ಟೆಯಿಂದ ಮಾಳಿಗೆಗೆ, ಮಾಳಿಗೆಯಿಂದ ಹಿತ್ತಲಿಗೆ ಸರಿಯುತ್ತಿದ್ದೆ. ಒಂದು ಶನಿವಾರ ಜಾಣತನ ಹೊಳೆಯಿತು. ಸೋಲಾರಿನ ಗಾಜು ಹೇಗೂ ಕಾದಿರುತ್ತದಲ್ಲ ಎಂದು ಅದರ ಮೇಲೆಯೇ ಕೌದಿ ಹರಡಿದೆ. ಕೌದಿ ಒಣಗಿತು. ಮರುದಿನ ಬಾಣಂತಿಗೆ ಎರೆಯಲು ಹನಿ ಬಿಸಿನೀರಿಲ್ಲ. ಗಾಜಿಗೆ ಬಿಸಿಲು ತಾಗದಿದ್ದರೆ ನೀರು ಕಾಯುವುದಿಲ್ಲ ಎಂಬುದನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುವವನು ನಾನೇ. ಗಿರಿಜಾ ಒಲೆ ಹೊತ್ತಿಸಿ ಹಂಡೆ ಇಟ್ಟು, ಆಡಬೇಕಾದದ್ದನ್ನೆಲ್ಲ ಆ ಒಲೆಯ ಜೊತೆಗೇ ಆಡಿದಳು.

ಮೂರು ತಿಂಗಳು ತುಂಬಿತು. ಸುಧಾಳನ್ನು ಗಂಡನ ಮನೆಗೆ ಕಳಿಸುವ ದಿನ ಗೊತ್ತಾಯಿತು. ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಗಿರಿಜಾ ಕೌದಿ ಮಡಿಸಿ ಬ್ಯಾಗಿಗೆ ಇಡುವಾಗ ನನ್ನ ಬಾಯಿಂದ ಮಾತು ಜಾರಿತು: “ಅದು ಇಲ್ಲೇ ಇರಲಿ ಬಿಡ. ಹಳೇದಾತು. ಕೂಸಿಗೆ ನಾ ಹೊಸಾದು ತರತೀನಿ.” ಗಿರಿಜಾ ಹತ್ತಿರ ಬಂದು ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು. ನನಗೆ ಧೋತರ ಬೇಕಾಗಿರಲಿಲ್ಲ. ಕೌದಿಗೆ ಈಗ ಹಾಲಿನ, ಎಣ್ಣೆಯ, ಕೂಸಿನ ನೆತ್ತಿಯ ವಾಸನೆ ಹತ್ತಿತ್ತು. ಅದನ್ನು ಬಾಯಿ ಬಿಟ್ಟು ಹೇಳಲಾಗದೆ ಪೇಟೆಗೆ ಹೋದೆ. ಅಂಗಡಿಯವ ಬ್ಲಾಂಕೆಟ್ಟುಗಳನ್ನೆಲ್ಲ ಕಟ್ಟಿ ಮೇಲಿಟ್ಟಿದ್ದ. “ಈ ಬಿಸಲಾಗ ಯಾಕ್ರೀ ಮಾಸ್ತರ?” ಎಂದು ಏಣಿ ಹತ್ತಿ, ನವಿಲಿನ ಚಿತ್ರವಿರುವ ದೊಡ್ಡದೊಂದನ್ನು ಇಳಿಸಿಕೊಟ್ಟ. ಅದರಲ್ಲಿ ಹತ್ತಿಯ ಒಂದು ಎಳೆಯೂ ಇರಲಿಲ್ಲ.

ಸುಧಾ ನವಿಲನ್ನು ನೋಡಿದಳು, ನನ್ನನ್ನೂ ನೋಡಿದಳು. “ಛಲೋ ಐತ್ರಿ ಅಪ್ಪಾ. ಇದು ನಿಮಗ ಇರಲಿ,” ಎಂದು ಬ್ಲಾಂಕೆಟ್ಟನ್ನು ನನ್ನ ಮಂಚದ ಮೇಲಿಟ್ಟು, ಕೌದಿಯಲ್ಲಿ ಸುತ್ತಿದ ಮಗಳನ್ನು ಎತ್ತಿಕೊಂಡು ಕಾರು ಹತ್ತಿದಳು.

ಮರುದಿನ ರವಿವಾರ. ಮಧ್ಯಾಹ್ನ ಊಟ ಮಾಡಿ ಅಡ್ಡಾದೆ. ಮನೆ ಬಿಕೋ ಎನ್ನುತ್ತಿತ್ತು. ನವಿಲು ಕಾಲ ಬಳಿ ಮಡಿಸಿಕೊಂಡು ಬಿದ್ದಿತ್ತು, ಎಳೆದು ಹೊದ್ದುಕೊಂಡೆ. ಎರಡು ನಿಮಿಷದಲ್ಲಿ ಬೆವರು ಕಿತ್ತುಕೊಂಡು ಬಂತು. ಎದ್ದು ಫ್ಯಾನನ್ನು ಐದಕ್ಕೆ ತಿರುವಿ ಮತ್ತೆ ಹೊದ್ದು ಮಲಗಿದೆ. ಗಿರಿಜಾ ಬಾಗಿಲಿಗೆ ಬಂದಳು.

“ಫ್ಯಾನ್ ಯಾಕ್ರಿ ಇಷ್ಟ ಜೋರ?”

“ಸೆಕಿ ಆಗಾಕತ್ತೈತಿ.”

“ಮತ್ತ ಆ ಬ್ಲಾಂಕೆಟ್ ಯಾಕ ಹೊಚಗೊಂಡೀರಿ?”

“ಕೊಂಡ ಸಾಮಾನ ಸುಮ್ಮನ ಕೆಡಬಾರದು,” ಎಂದು ಅದನ್ನು ಮುಖದ ಮೇಲಕ್ಕೂ ಎಳೆದುಕೊಂಡೆ. ಗಿರಿಜಾಳ ಬಳೆಯ ಸದ್ದು ಸ್ವಿಚ್ಚಿನ ಹತ್ತಿರದವರೆಗೆ ಬಂದು ಹಿಂದಿರುಗಿತು. ಫ್ಯಾನನ್ನು ಆರಿಸಲಿಲ್ಲ.