ಕತ್ತೆ ಬಿದ್ದಾಗ ಗೋಡೆ ನೋಡಿದವರು

ಬೆಳಿಗ್ಗೆ ಆಫೀಸಿಗೆ ಬಂದು ಕಂಪ್ಯೂಟರ್ ತೆರೆದವನಿಗೆ, ತಾನು ಬರೆದ ಕಾರ್ಟೂನು ಕತ್ತೆಯ ನೆತ್ತಿಯ ಮೇಲ್ಗಡೆ, ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಯಾರೋ ಲೆಕ್ಕ ಬರೆದು ಹೋಗಿರುವುದು ಕಂಡಿತು. ಆರರ ತಲೆಯ ಮೇಲೊಂದು ಪುಟ್ಟ ಮೂರು, ಎಂಟರ ತಲೆಯ ಮೇಲೊಂದು ಪುಟ್ಟ ಮೂರು, ಆಚೆ ಒಂಬತ್ತರ ತಲೆಯ ಮೇಲೂ ಅದೇ ಮೂರು. ನಡುವೆ ಒಂದು ಕೂಡಿಸುವ ಗುರುತು, ಒಂದು ಸಮ ಅನ್ನುವ ಗುರುತು. ಅವನ ಮೈಮೇಲೆ ಚೇಳು ಹರಿದಂತಾಯಿತು.

"ಯಾವನ್ರೀ ನನ್ನ ಗೋಡೆ ಮೇಲೆ ಗೀಚಿದ್ದು?"

ಪಕ್ಕದ ಮೇಜಿನಲ್ಲಿ ಗೊಂಬೆಗಳಿಗೆ ಬಣ್ಣ ತುಂಬುತ್ತಿದ್ದ ಬಣ್ಣದಕ್ಕ ತಲೆ ಎತ್ತಲಿಲ್ಲ. "ನನ್ನ ಗೋಡೆ ಅಂತೆ! ನಿನ್ನೆ ತನಕ ಗೋಡೆ ಅಂದ್ರೆ ಕಚ್ಚೋಕೆ ಬರ್ತಿದ್ದೆ."

ಅವನ ನಿಜವಾದ ಹೆಸರು ಆ ಆಫೀಸಿನಲ್ಲಿ ಯಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ಅವನು ಗೋಡೆ. ಟೀವಿಯಲ್ಲಿ ವಾರಕ್ಕೊಮ್ಮೆ ಬರುವ ಗುಮಾಸ್ತ ಕತ್ತೆಯ ಕಾರ್ಟೂನು ಅಲ್ಲಿ ತಯಾರಾಗುತ್ತಿತ್ತು. ಕತ್ತೆ ಕುಣಿಯುವುದು, ಕುಂಟುವುದು, ಮ್ಯಾನೇಜರ್ ಹಂದಿ ಕೂಗಾಡುವುದು, ಇದೆಲ್ಲ ಚಲನೆ ವಿಭಾಗದವರ ಕೆಲಸ. ಅವುಗಳ ಹಿಂದೆ ಸುಮ್ಮನೆ ನಿಂತಿರುವ ಗೋಡೆ, ಕಿಟಕಿ, ಬೀರು ಬರೆಯುವುದು ಇವನ ಕೆಲಸ. ಸೇರಿದ ದಿನದಿಂದ ಅದೇ. ಗೋಡೆ ಬರೆಯುವವನನ್ನು ಗೋಡೆ ಎಂದರು. ಗೋಡೆಗೆ ಏನು ಅಂದರೂ ನಡೆಯುತ್ತದೆ ಎಂದುಕೊಂಡರು.

ಈ ಸಲ ಜಗಳವಾಡಿ, ಕಾಲು ಹಿಡಿದು, ಮತ್ತೆ ಜಗಳವಾಡಿ ಚಲನೆಯ ಒಂದು ದೃಶ್ಯ ಗಿಟ್ಟಿಸಿದ್ದ. ಕತ್ತೆ ಗೋಪುರದಷ್ಟು ಫೈಲು ಹೊತ್ತು ಮೆಟ್ಟಿಲಿಳಿಯುತ್ತದೆ. ತನ್ನ ಬಾಲವನ್ನು ತಾನೇ ತುಳಿಯುತ್ತದೆ. ಚೆಂಡಿನ ಹಾಗೆ ಪುಟಿದು ಉರುಳಿ, ಕೆಳಗೆ ಮ್ಯಾನೇಜರ್ ಕುರ್ಚಿಯಲ್ಲಿ ಧೊಪ್ಪನೆ ಕೂತು, ಏನೂ ಆಗದವರ ಹಾಗೆ ಟೈ ಸರಿಮಾಡಿಕೊಳ್ಳುತ್ತದೆ. ಒಂದು ಸೀನು ಸೀನುವಷ್ಟರಲ್ಲಿ ಮುಗಿದುಹೋಗುವ ಆ ಬೀಳುವಿಕೆಗೆ ಎರಡು ತಿಂಗಳು ಸುರಿದಿದ್ದ. ಬೀಳುವುದು ಹೇಗೆ ಎಂದು ತಿಳಿಯಲು ಆಫೀಸಿನ ಮೆಟ್ಟಿಲ ಮೇಲಿಂದ ತಾನೇ ಬಿದ್ದಿದ್ದ. ಮೊಣಕಾಲು ಇನ್ನೂ ಬದನೆಕಾಯಿ ಬಣ್ಣದಲ್ಲಿತ್ತು.

ಯಜಮಾನರು ಖಡಾಖಂಡಿತ ಹೇಳಿದ್ದರು. "ಇವತ್ತು ಸಂಜೆ ಟೀವಿ ಮುಂದೆ ಜನ ನಕ್ಕರೆ ನಾಳೆಯಿಂದ ನೀನು ಚಲನೆ ವಿಭಾಗ. ನಗಲಿಲ್ವೋ, ಸಾಯೋತನಕ ಗೋಡೆ."

ಅಂಥ ದಿನ, ಅಂಥ ಕತ್ತೆಯ ಮೇಲೆ ಲೆಕ್ಕ!

ಗೀಚಿದವರನ್ನು ಪತ್ತೆ ಹಚ್ಚಬೇಕಾಗಿರಲಿಲ್ಲ. ಕಾರ್ಟೂನಿಗೆ ಕತೆ ಬರೆಯುವ ಇಬ್ಬರು ಪಂಡಿತರಿದ್ದರು. ಗಣಿತದಲ್ಲಿ ಮಣಭಾರದ ಪದವಿ ಹೊತ್ತು, ಕೊನೆಗೆ ಕತ್ತೆಯ ಬಾಯಿಗೆ ಮಾತು ತುಂಬಲು ಬಂದವರು. ಒಬ್ಬ ಗಡ್ಡ, ಇನ್ನೊಬ್ಬ ಸೋಡಾಬುಡ್ಡಿ. ಪ್ರತಿ ಕಂತಿನಲ್ಲೂ ಎಲ್ಲಾದರೂ ಒಂದು ಲೆಕ್ಕ ಅಡಗಿಸಿಡುವುದು ಅವರ ಚಟ. ಬಸ್ಸಿನ ನಂಬರಿನಲ್ಲಿ, ಬೀಗದ ಮೇಲೆ, ಹಂದಿಯ ಅಂಗಿಯ ಗುಂಡಿಗಳಲ್ಲಿ. ಅದನ್ನು ಹುಡುಕಿ ಹಿಡಿದು ಊರಿಗೆಲ್ಲ ಸಾರುವುದೇ ಕಸುಬಾದ ಜನವೂ ಇದ್ದರು. ಕೆಲಸವಿಲ್ಲದ ಬುದ್ಧಿವಂತರಷ್ಟು ಅಪಾಯದ ಪ್ರಾಣಿ ಬೇರೊಂದಿಲ್ಲ.

ಗೋಡೆ ಅವರ ಕೋಣೆಯ ಬಾಗಿಲನ್ನು ಕಾಲಲ್ಲೇ ತೆರೆದ.

"ಏನ್ರೀ ಅದು, ನನ್ನ ಮೆಟ್ಟಿಲ ಹತ್ರ?"

"ಜೋಕು," ಎಂದ ಗಡ್ಡ.

"ಎಲ್ಲಿ?"

"ಆರರ ಘನ ಇನ್ನೂರ ಹದಿನಾರು. ಎಂಟರ ಘನ ಐನೂರ ಹನ್ನೆರಡು. ಕೂಡಿಸಿದ್ರೆ ಏಳುನೂರ ಇಪ್ಪತ್ತೆಂಟು. ಸರಿನಾ? ಈಗ ಒಂಬತ್ತರ ಘನ ಎಷ್ಟು ಹೇಳು?"

"ನಿಮ್ಮಪ್ಪನ್ನ ಕೇಳಿ."

"ಏಳುನೂರ ಇಪ್ಪತ್ತೊಂಬತ್ತು! ಒಂದು ಕಮ್ಮಿ! ಒಂದೇ ಒಂದು ಕಮ್ಮಿ ಕಣೋ!"

ಇಬ್ಬರೂ ಮೇಜು ಬಡಿದುಕೊಂಡು ನಕ್ಕರು. ಸೋಡಾಬುಡ್ಡಿಯ ಕಣ್ಣಲ್ಲಿ ನೀರೇ ಬಂತು. ಗೋಡೆ ಕಾದ. ಇನ್ನೇನಾದರೂ ಬರಬಹುದೆಂದು ಕಾದ. ಏನೂ ಬರಲಿಲ್ಲ. ಜೋಕು ಅಷ್ಟೇ.

"ಅಂದ್ರೆ ಲೆಕ್ಕ ತಪ್ಪು."

"ತಪ್ಪೇ. ಆದ್ರೆ ಎಷ್ಟು ಸೊಗಸಾಗಿ ತಪ್ಪಿದೆ ನೋಡು! ಎರಡು ಘನ ಕೂಡಿಸಿದ್ರೆ ಇನ್ನೊಂದು ಘನ ಆಗೋಕೆ ಸಾಧ್ಯವೇ ಇಲ್ಲ ಅಂತ ಸಾಬೀತಾಗಿದೆ."

"ಎಂಟನೇ ಕ್ಲಾಸಲ್ಲಿ ನಾನು ತಪ್ಪು ಲೆಕ್ಕ ಮಾಡಿದ್ರೆ ಮೇಷ್ಟ್ರು ಬೆನ್ನು ಮುರಿದು ಆಚೆ ಹಾಕಿದ್ರು. ನೀವು ಮಾಡಿದ್ರೆ ಜೋಕಾ?"

"ನೀನು ಒಂದು ಕಮ್ಮಿ ಮಾಡಿರಲಿಕ್ಕಿಲ್ಲ," ಎಂದ ಸೋಡಾಬುಡ್ಡಿ ಮೃದುವಾಗಿ. "ನೋಡು, ಅಳಿಸೋಕೆ ಹೋಗಬೇಡ. ಮೆಟ್ಟಿಲ ದೃಶ್ಯದಲ್ಲಿ ಲೆಕ್ಕ ಅಡಗಿದೆ ಅಂತ ಆಗಲೇ ಸಾರಿಬಿಟ್ಟಿದ್ದೀವಿ. ಜನ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಿದ್ದಾರೆ."

"ಜನ ಕತ್ತೆ ನೋಡಬೇಕು ಸ್ವಾಮಿ! ಗೋಡೆ ಅಲ್ಲ!"

"ಕತ್ತೆ ಯಾವತ್ತು ಬೇಕಾದ್ರೂ ಬೀಳುತ್ತಪ್ಪ."

ಆ ಮಾತಿಗೆ ಅವನ ರಕ್ತ ಕಾದ ಬಾಣಲೆಯ ಎಣ್ಣೆಯಾಯಿತು. ಮೇಜಿಗೆ ಮರಳಿ ಬಂದವನೇ ಕಂಪ್ಯೂಟರಿನಲ್ಲಿ ಗೋಡೆಯ ಬಣ್ಣ ಎತ್ತಿ ಒಂದೇ ಸಲ ಎಳೆದ. ಆ ದೃಶ್ಯದ ಅಷ್ಟೂ ಕತ್ತೆ ಚಿತ್ರಗಳ ಹಿಂದೆ ಇರುವುದು ಒಂದೇ ಗೋಡೆ. ಒಂದು ಎಳೆತಕ್ಕೆ ಆರು, ಎಂಟು, ಒಂಬತ್ತು ಎಲ್ಲ ಸಮಾಧಿ.

"ಅಳಿಸಿದ್ದು ಗೊತ್ತಾದ್ರೆ ಆಚೆ ಕಳಿಸ್ತಾರೆ," ಎಂದಳು ಬಣ್ಣದಕ್ಕ.

"ಗೋಡೆಗೆ ಬಣ್ಣ ಹೊಡೆಯೋದು ತಾನೆ ನನ್ನ ಕೆಲಸ? ಹೊಡೆದೆ."

ಮಧ್ಯಾಹ್ನ ಕಂತು ಚಾನೆಲ್ಲಿಗೆ ಹೋಯಿತು. ಅದು ಹೋದ ಮೇಲೆ ಯಜಮಾನರು ಬಂದು ಅವನ ಭುಜದ ಮೇಲೆ ಕೈ ಇಟ್ಟರು. ಆ ಕೈ ಭುಜಕ್ಕೆ ಬಂದಾಗಲೆಲ್ಲ ಯಾರಿಗೋ ಏನೋ ಕೆಟ್ಟದ್ದು ಆಗುತ್ತಿತ್ತು.

"ಸಂಜೆ ನಿಮ್ಮ ಮನೆಗೇ ಬರ್ತೀನಪ್ಪ. ನಮ್ಮ ಜೊತೆ ಕೂತವರೆಲ್ಲ ಸಂಬಳಕ್ಕೆ ನಗೋರು. ಮಾಮೂಲಿ ಜನ ನಗ್ತಾರಾ ಅಂತ ಎದುರಿಗೇ ನೋಡಬೇಕು. ಪಂಡಿತರಿಬ್ಬರನ್ನೂ ಕರ್ಕೊಂಡು ಬರ್ತೀನಿ."

ಬಣ್ಣದಕ್ಕ ಆವತ್ತು ಮೊದಲ ಬಾರಿ ತಲೆ ಎತ್ತಿ, ಅವನನ್ನು ಕರುಣೆಯಿಂದ ನೋಡಿದಳು.

ಅವನು ಇದ್ದದ್ದು ಅಕ್ಕನ ಮನೆಯಲ್ಲಿ. ಭಾವ ಅವನನ್ನು ಬಂದವರಿಗೆಲ್ಲ "ಟೀವಿಯಲ್ಲಿ ಸುಣ್ಣ ಬಳಿಯೋನು" ಎಂದು ಪರಿಚಯ ಮಾಡಿಕೊಡುತ್ತಿದ್ದ. ಓಡೋಡಿ ಬಂದ ಗೋಡೆ ಕುರ್ಚಿಗಳನ್ನು ಸಾಲಾಗಿ ಎಳೆದು ಅಕ್ಕನನ್ನೂ ಭಾವನನ್ನೂ ಮುಂದೆ ಕೂರಿಸಿದ.

"ಕತ್ತೆ ಬಾಲ ತುಳಿಯುತ್ತೆ. ತುಳಿದ ತಕ್ಷಣ ನಗಬೇಕು."

"ನಗು ಬಂದ್ರೆ ನಗ್ತೀನಿ ಕಣೋ," ಎಂದಳು ಅಕ್ಕ. "ಬರದಿದ್ರೆ?"

"ಬರದಿದ್ರೂ ನಗು! ನಿನ್ನ ತಮ್ಮನ ಬದುಕು ಇದು!"

"ನಂಗೆ ಹಲ್ಲುನೋವು," ಎಂದ ಭಾವ. "ಬಾಯಿ ಪೂರ್ತಿ ತೆಗೆಯೋಕಾಗಲ್ಲ. ಒಳಗೊಳಗೇ ನಗ್ತೀನಿ."

"ಭಾವ, ಜೋರಾಗಿ ನಗದಿದ್ರೆ ಉಳಿದ ಹಲ್ಲಿಗೂ ನೋವು ಬರಿಸ್ತೀನಿ."

ಅಷ್ಟರಲ್ಲಿ ಮೇಲಿನ ಮನೆಯ ಟ್ಯೂಷನ್ ಮೇಷ್ಟ್ರು, ಯಾರೂ ಕರೆಯದೆ, ಕಂಕುಳಲ್ಲಿ ಒಂದು ಕಪ್ಪು ಡಬ್ಬಿ ಇಟ್ಟುಕೊಂಡು ಬಂದರು. ಕಾರ್ಟೂನಿನ ಲೆಕ್ಕ ಹಿಡಿಯುವವರಲ್ಲಿ ಅವರದು ದೊಡ್ಡ ಹೆಸರಂತೆ. ಹಂದಿಯ ಗುಂಡಿಗಳನ್ನು ಮೊದಲು ಎಣಿಸಿದವರೇ ಅವರು. ಡಬ್ಬಿಯನ್ನು ಟೀವಿಗೆ ಸಿಕ್ಕಿಸಿ, ರಿಮೋಟನ್ನು ಬಂದೂಕಿನ ಹಾಗೆ ಹಿಡಿದು ಕೂತರು.

"ಇದರಲ್ಲಿ ನಡೀತಾ ಇರೋ ಕಾರ್ಯಕ್ರಮವನ್ನೂ ನಿಲ್ಲಿಸಬಹುದು, ಹಿಂದಕ್ಕೂ ಎಳೀಬಹುದು."

"ಯಾಕೆ ನಿಲ್ಲಿಸಬೇಕು?" ಎಂದ ಗೋಡೆ. "ಓಡೋದನ್ನ ನಿಲ್ಲಿಸಿದ್ರೆ ಅದು ಕಾರ್ಟೂನಾ, ಫೋಟೋನಾ?"

ಮೇಷ್ಟ್ರು ಉತ್ತರ ಕೊಡುವ ಮೊದಲೇ ಯಜಮಾನರು ಬಂದರು. ಹಿಂದೆ ಗಡ್ಡ, ಸೋಡಾಬುಡ್ಡಿ. ಇಬ್ಬರ ಮುಖದಲ್ಲೂ ಬೀಗರ ಮನೆಗೆ ಬಂದವರ ಗತ್ತು.

ಕಾರ್ಟೂನು ಶುರುವಾಯಿತು. ಮೆಟ್ಟಿಲು ಬಂತು. ಫೈಲಿನ ಗೋಪುರ ತೂಗಾಡಿತು. ಕತ್ತೆ ಬಾಲ ತುಳಿಯಿತು. ಅಕ್ಕನ ಬಾಯಿ ತಾನಾಗಿ ಅರಳಿತು, ಯಾರ ಬಲವಂತವೂ ಇಲ್ಲದೆ. "ಹಿ..."

ಮೇಷ್ಟ್ರು ರಿಮೋಟು ಒತ್ತಿದರು.

ಕತ್ತೆ ಗಾಳಿಯಲ್ಲಿ ನಿಂತಿತು. ಅಕ್ಕನ 'ಹಿ' ಕೂಡ ಗಾಳಿಯಲ್ಲೇ ನಿಂತಿತು.

"ಬಿಡ್ರೀ! ಅದು ಬೀಳ್ತಾ ಇದೆ!" ಎಂದು ಗೋಡೆ ಕಿರುಚಿದ.

"ಬೀಳಲಿ ಬಿಡಪ್ಪ, ಅವಸರ ಏನು," ಎನ್ನುತ್ತ ಮೇಷ್ಟ್ರು ಟೀವಿಗೆ ಮೂಗು ತಾಗಿಸಿ ಗೋಡೆಯಲ್ಲಿ ಲೆಕ್ಕ ಹುಡುಕಿದರು. ಸ್ವಲ್ಪ ಬಿಟ್ಟರು, ನಿಲ್ಲಿಸಿದರು. ಹಿಂದಕ್ಕೆ ಎಳೆದರು. ಕತ್ತೆ ಬಿದ್ದ ಮೆಟ್ಟಿಲನ್ನೇ ಮತ್ತೆ ಹತ್ತಿತು. ಮತ್ತೆ ಬಿತ್ತು, ಮತ್ತೆ ನಿಂತಿತು. ಎರಡು ತಿಂಗಳ ಮೂಳೆಯ ಸಂಕಟ ಪರದೆಯ ಮೇಲೆ ಬಿಕ್ಕಳಿಸುತ್ತಿತ್ತು. ಅಕ್ಕ ಪ್ರತಿ ಸಲವೂ ಬಾಯಿ ತೆರೆದು, ಪ್ರತಿ ಸಲವೂ ಮುಚ್ಚಿಕೊಂಡು, ಕೊನೆಗೆ ಒಂದು ಆಕಳಿಕೆ ತೆಗೆದಳು. ಭಾವ ದವಡೆ ಹಿಡಿದುಕೊಂಡು, "ಈಗ ನಗಬೇಕಾ, ಆಮೇಲಾ?" ಎಂದು ಮೆಲ್ಲಗೆ ಕೇಳಿದ.

ಯಜಮಾನರು ಟೀವಿ ಬಿಟ್ಟು ಈ ಮುಖಗಳನ್ನೇ ನೋಡುತ್ತಿದ್ದರು. ಒಂದು ಮುಖದಲ್ಲೂ ನಗುವಿರಲಿಲ್ಲ.

ಪಂಡಿತರು ಮಾತ್ರ ಬಣ್ಣ ಕಳೆದುಕೊಂಡು ಕೂತಿದ್ದರು. ಲೆಕ್ಕ ಇದ್ದ ಜಾಗ ಬೋಳುತಲೆಯಷ್ಟು ನುಣ್ಣಗಿತ್ತು. ಗಡ್ಡ ನಿಧಾನವಾಗಿ ತಿರುಗಿ ಗೋಡೆಯನ್ನು ನುಂಗುವ ಹಾಗೆ ನೋಡಿದ.

"ಗೋಡೆ ಖಾಲಿ!" ಎಂದರು ಮೇಷ್ಟ್ರು. ಆಮೇಲೆ ಅವರ ಹುಬ್ಬು ಮೇಲೇರಿತು. "ಅಂದ್ರೆ... ಲೆಕ್ಕ ಗೋಡೆಯಲ್ಲಿಲ್ಲ. ಕತ್ತೆಯಲ್ಲಿದೆ!"

ಮತ್ತೆ ಹಿಂದಕ್ಕೆ ಎಳೆದು, ಮೆಟ್ಟಿಲುಗಳನ್ನು ಬೆರಳಿಟ್ಟು ಎಣಿಸತೊಡಗಿದರು. "ಎರಡನೇ ಮೆಟ್ಟಿಲಿಗೆ ಬಡೀತು. ಮೂರನೇದಕ್ಕೆ ಬಡೀತು. ನಾಲ್ಕು ಬಿಟ್ಟು ಐದು. ಆರು ಬಿಟ್ಟು ಏಳು. ಆಮೇಲೆ ಹಾರಿ... ಹಾರಿ... ಹನ್ನೊಂದು!" ಅವರ ದನಿ ನಡುಗಿತು. "ಅವಿಭಾಜ್ಯ ಸಂಖ್ಯೆಗಳು! ಒಂದು, ತಾನು ಬಿಟ್ಟು ಬೇರಾವುದರಿಂದಲೂ ಭಾಗ ಆಗದ ಸಂಖ್ಯೆಗಳ ಮೇಲೆ ಮಾತ್ರ ಈ ಕತ್ತೆ ಬೀಳುತ್ತೆ! ಅಬ್ಬಬ್ಬಾ! ಯಾರ ತಲೆ ಸ್ವಾಮಿ ಇದು?"

ಯಜಮಾನರು ಪಂಡಿತರ ಕಡೆ ತಿರುಗಿದರು. ಗಡ್ಡ ಗಡ್ಡ ನೀವಿಕೊಂಡ. ಸೋಡಾಬುಡ್ಡಿ ಕನ್ನಡಕ ಒರೆಸಿಕೊಂಡ. "ಏನೋ... ಸಣ್ಣದೊಂದು ಪ್ರಯತ್ನ," ಎಂದರು ಇಬ್ಬರೂ ಒಟ್ಟಿಗೆ.

ಗೋಡೆ ಕುರ್ಚಿ ಕೆಡವಿ ಎದ್ದ. "ಸುಳ್ಳು! ಅದು ಯಾವ ಸಂಖ್ಯೆನೂ ಅಲ್ಲ, ನನ್ನ ಮೂಳೆ! ನಾನು ಬಿದ್ದಾಗ ಎಲ್ಲೆಲ್ಲಿ ಬಡೀತೋ ಅಲ್ಲಲ್ಲೇ ಕತ್ತೆಗೂ ಬಡಿಸಿದ್ದೀನಿ!" ಪ್ಯಾಂಟು ಮೇಲೆಳೆದು ಮೊಣಕಾಲನ್ನು ಯಜಮಾನರ ಮುಖದ ಹತ್ತಿರ ಹಿಡಿದ. "ನೋಡಿ! ಇದು ಐದನೇ ಮೆಟ್ಟಿಲು! ಇದು ಏಳನೇದು!"

"ಹೌದೌದು," ಎಂದ ಗಡ್ಡ ತಣ್ಣಗೆ. "ಹಾಗೆ ಬೀಳು ಅಂತ ನಾವೇ ಹೇಳಿಕೊಟ್ಟಿದ್ದು. ಪಾಪ, ತುಂಬಾ ವಿಧೇಯ." ಆಮೇಲೆ ಇವನೊಬ್ಬನಿಗೇ ಕೇಳುವ ಹಾಗೆ ಕಿವಿಯ ಹತ್ತಿರ ಬಾಗಿದ. "ಬಾಯಿ ಮುಚ್ಚು. ಗೋಡೆ ಅಳಿಸಿದ್ದು ಯಾರು ಅಂತ ಹೇಳ್ಲಾ?"

ಗೋಡೆ ಬಾಯಿ ಮುಚ್ಚಿದ. ಒಳಗಿದ್ದ ಬೈಗುಳಗಳೆಲ್ಲ ಬಾಗಿಲು ಹಾಕಿದ ಬಸ್ಸಿನ ಜನರ ಹಾಗೆ ಒಂದರ ಮೇಲೊಂದು ಬಿದ್ದವು.

ಯಜಮಾನರು ಎದ್ದು ಬಂದು ಅವನ ಭುಜದ ಮೇಲೆ ಕೈ ಇಟ್ಟರು. ಅವನು ಕಣ್ಣು ಮುಚ್ಚಿಕೊಂಡ.

"ಜನ ನಗಲಿಲ್ಲ," ಎಂದರು ಯಜಮಾನರು. "ಆದ್ರೆ ನಗು ಯಾರಿಗೆ ಬೇಕಯ್ಯಾ? ನಕ್ಕವನು ಒಂದು ಸಲ ನೋಡಿ ಎದ್ದು ಹೋಗ್ತಾನೆ. ಇವರು ಎಷ್ಟು ಸಲ ನೋಡಿದ್ರು! ಪಂಡಿತರು ಹೇಳಿದ ಹಾಗೆ ಬಿದ್ದಿದ್ದೀಯ, ಅದೂ ಮೂಳೆ ಲೆಕ್ಕಿಸದೆ. ನಾಳೆಯಿಂದ ನೀನು ಚಲನೆ ವಿಭಾಗ. ಇನ್ನು ಕತ್ತೆ ಪೂರ್ತಿ ನಿಂದು."

ಗೋಡೆ ಕಣ್ಣು ತೆರೆದ. ಅಕ್ಕ ಚಪ್ಪಾಳೆ ತಟ್ಟಿದಳು. ಭಾವ ಹಲ್ಲುನೋವು ಮರೆತು ಬಾಯಿ ತೆರೆದ. ಇಡೀ ದಿನದ ಕೋಪ ಅವನ ಎದೆಯಿಂದ ಇಳಿಯಲೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತಿತು. ಹೋಗಲಿ, ಹೆಸರು ಪಂಡಿತರೇ ಹೊಡೆದುಕೊಳ್ಳಲಿ. ಇನ್ನು ಕತ್ತೆ ಓಡುತ್ತದೆ, ಜಾರುತ್ತದೆ, ಕುಣಿಯುತ್ತದೆ, ಎಲ್ಲ ಇವನ ಕೈಯಲ್ಲಿ. ಒಂದಲ್ಲ ಒಂದು ದಿನ ಅಕ್ಕನ 'ಹಿ' ಪೂರ್ತಿಯಾಗುತ್ತದೆ.

"ಒಂದೇ ಒಂದು ಕೋರಿಕೆ," ಎಂದರು ಮೇಷ್ಟ್ರು, ರಿಮೋಟು ಒತ್ತಿ ಒತ್ತಿ ನೊಂದ ಹೆಬ್ಬೆರಳು ನೀವಿಕೊಳ್ಳುತ್ತ. "ನಿಮ್ಮ ಕತ್ತೆ ಸಿಕ್ಕಾಪಟ್ಟೆ ಓಡಾಡುತ್ತೆ. ಎಣಿಸೋರಿಗೆ ಬಹಳ ಕಷ್ಟ."

ಯಜಮಾನರು ಗಂಭೀರವಾಗಿ ತಲೆದೂಗಿ, ಹೊಸ ಚಲನೆ ಕಲಾವಿದನ ಕಡೆ ತಿರುಗಿದರು.

"ಕೇಳಿಸ್ತಾ? ಮುಂದಿನ ಕಂತಿಂದ ಕತ್ತೆ ನಿಂತಲ್ಲೇ ನಿಂತಿರಲಿ. ಬಾಲ ಕೂಡ ಅಲ್ಲಾಡಬಾರದು."