ಅಲ್ಲಾಡುವ ಹಲ್ಲು ಮತ್ತು ನನ್ನದೇ ಕಿಣ್ವಗಳು

ಪಾಠ ಹೇಳುವವರಿಗೆ ಒಂದು ಅನುಕೂಲವಿದೆ. ಹೇಳಿದ್ದೆಲ್ಲ ಎದುರಿಗೆ ಕುಳಿತವರಿಗೆ, ನಮಗಲ್ಲ ಎಂದು ನಂಬಿ ಹಾಯಾಗಿರಬಹುದು. ಮೂಡಲಗಿಯ ಕಾಲೇಜಿನಲ್ಲಿ ನಾನು ವರ್ಷಗಟ್ಟಲೆ ಜೀವಶಾಸ್ತ್ರ ಹೇಳಿದೆ. ಕೊಲಾಜೆನ್ ಎಂದರೆ ದೇಹವನ್ನು ಬಿಗಿಯಾಗಿ ಹಿಡಿದಿರುವ ನಾರು, ಅದನ್ನು ತುಂಡರಿಸುವ ಕಿಣ್ವಗಳು ನಮ್ಮೊಳಗೇ ಇವೆ, ಆ ಕಿಣ್ವಗಳನ್ನು ಅಂಕೆಯಲ್ಲಿಡುವ ಪ್ರತಿಬಂಧಕಗಳನ್ನೂ ದೇಹವೇ ತಯಾರಿಸಿಕೊಳ್ಳುತ್ತದೆ ಎಂದು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಹೆಮ್ಮೆಪಟ್ಟಿದ್ದೇನೆ. ಅದೇ ಕೈಯ ಬೆರಳಿನಿಂದ ದಿನಾ ಬೆಳಿಗ್ಗೆ ಮಶೇರಿ ತಿಕ್ಕುತ್ತಿದ್ದೆ. ಮಶೇರಿ ಎಂದರೆ ತಂಬಾಕನ್ನು ಹಂಚಿನ ಮೇಲೆ ಕಪ್ಪಗೆ ಹುರಿದು ಮಾಡಿದ ಪುಡಿ. ಹುಕ್ಕೇರಿಯ ನಮ್ಮ ಮನೆಯಲ್ಲಿ ಅಜ್ಜಿ ಅದು ಹಲ್ಲಿಗೆ ಬಲ ಎಂದೇ ಹಚ್ಚಿಕೊಳ್ಳುತ್ತಿದ್ದಳು. ಆಕೆಯ ಬಾಯಲ್ಲಿ ಎಷ್ಟು ಹಲ್ಲು ಉಳಿದಿವೆ ಎಂದು ವಿಜ್ಞಾನ ಓದಿದ ನಾನು ಒಮ್ಮೆಯೂ ನೋಡಲಿಲ್ಲ.

ಒಂದು ದಿನ ಪಾಠದ ನಡುವೆಯೇ ನನ್ನ ಮುಂದಿನ ಹಲ್ಲೊಂದು ಅಲ್ಲಾಡಿತು. ಹೋದರೆ ಹೋಗಲಿ ಎನ್ನುವಂತಿರಲಿಲ್ಲ. ಮಾತೇ ನನ್ನ ಹೊಟ್ಟೆಪಾಡು. ಮುಂದಿನ ಹಲ್ಲಿಲ್ಲದೆ ‘ಸಸ್ತನಿ’ ಎಂದರೆ ಹಿಂದಿನ ಬೆಂಚಿನವರು ವರ್ಷವಿಡೀ ಬಿಡುವವರಲ್ಲ. ಹೆಂಡತಿ ಸುಮಿತ್ರಾ ನನ್ನನ್ನು ಬಸ್ಸು ಹತ್ತಿಸಿ ಗೋಕಾಕದ ಹಲ್ಲಿನ ಡಾಕ್ಟರ ಬಳಿ ಕರೆದೊಯ್ದಳು. ದಾರಿಯುದ್ದಕ್ಕೂ ಬಾಯಿ ಮುಚ್ಚಿಕೊಂಡೇ ಕುಳಿತಿದ್ದೆ. ಮದುವೆಯಾದ ಮೇಲೆ ಇಷ್ಟು ಸುಖದ ಪ್ರಯಾಣ ತಾನು ಮಾಡಿರಲಿಲ್ಲ ಎಂದು ಆಕೆ ಆಮೇಲೆ ಹೇಳಿದಳು.

ಡಾಕ್ಟರು ಬಾಯೊಳಗೆ ಕನ್ನಡಿ ಇಟ್ಟು, “ಸರ್, ಒಸಡು ಬಾತೈತ್ರಿ. ಹಲ್ಲು ಹಿಡಿದಿರೋ ಕೊಲಾಜೆನ್ ತಿನ್ನೋ ಕಿಣ್ವ ಹೆಚ್ಚಾಗ್ಯಾವು” ಎಂದು ನನ್ನ ಪಾಠವನ್ನು ನನಗೇ ಶುರು ಮಾಡಿದರು. ಬಾಯಿ ತೆರೆದಿದ್ದರಿಂದ “ಗೊತ್ತು” ಎನ್ನಲೂ ಆಗಲಿಲ್ಲ.

“ಅವನ್ನ ತಡೆಯೋವೂ ನಿಮ್ಮ ಮೈಯಾಗ ಅದಾವ್ರಿ. ನೀವು ದಿನಾ ತಂಬಾಕ ತಿಕ್ಕಿದ್ರ ಅವಾದ್ರೂ ಎಷ್ಟಂತ ತಡೀತಾವು?”

“ಹಲ್ಲು ಉಳೀತೈತೇನ್ರಿ?” ಎಂದಳು ಸುಮಿತ್ರಾ.

“ಖರೆ ಹೇಳ್ತೀನಿ, ಉಳಿಯೋ ಹಂಗ ಐತಿ. ಹಲ್ಲು ಸ್ವಚ್ಛ ಮಾಡಿ ಕೊಡ್ತೀನಿ. ಮಶೇರಿ ಬಿಡಬೇಕು, ಮೂರು ತಿಂಗಳ ತಾಳಬೇಕು.”

ಆ ಮಾತಿಗೆ ನನ್ನ ಕಣ್ಣು ತುಂಬಿದ್ದು ಸುಳ್ಳಲ್ಲ. ಮಶೇರಿ ಡಬ್ಬಿಯನ್ನು ಸುಮಿತ್ರಾ ಅಂದೇ ಗಟಾರಿಗೆ ಸುರಿದಳು. ಮೊದಲ ವಾರ ನಾನು ಕಂಡಕಂಡವರ ಮೇಲೆ ಸಿಡುಕಿದೆ. ಎರಡನೆಯ ವಾರ ಒಸಡಿನ ರಕ್ತ ನಿಂತಿತು, ಆಮೇಲೆ ಊತವೂ ಇಳಿಯಿತು. ಇಷ್ಟು ವರ್ಷ ನಾನು ಕೊಟ್ಟ ಕಿರುಕುಳವನ್ನು ಮರೆತು ಪ್ರತಿಬಂಧಕಗಳು ಕೆಲಸಕ್ಕೆ ನಿಂತಿವೆಯಲ್ಲ ಎಂದು ಅವುಗಳ ಮೇಲೆ ಅಕ್ಕರೆಯೇ ಬಂತು. ಆ ವರ್ಷ ಅವುಗಳ ಪಾಠಕ್ಕೆ ಒಂದು ಪೀರಿಯಡ್ ಹೆಚ್ಚೇ ಕೊಟ್ಟೆ.

ಮೂರು ತಿಂಗಳಾದ ಮೇಲೆ ಹೋದಾಗ ಡಾಕ್ಟರು ಹುಬ್ಬು ಗಂಟಿಕ್ಕಿದರು. “ಒಸಡು ಛಲೋ ಆಗೈತಿ. ಉಳಿದ ಹಲ್ಲು ಗಟ್ಟಿ ಅದಾವು. ಇದೊಂದ ಯಾಕ ಇನ್ನೂ ಅಳ್ಳಾಡತೈತಿ?”

ನಾನು ಛಾವಣಿ ನೋಡಿದೆ. ಸುಮಿತ್ರಾ ಬಿಡಲಿಲ್ಲ. “ಗಟ್ಟಿ ಆತೇನಂತ ದಿನಾ ಇಪ್ಪತ್ತು ಸಲ ಬೆರಳ ಹಾಕಿ ಅಳ್ಳಾಡಿಸಿ ನೋಡತಾರ್ರಿ. ಕನ್ನಡಿ ಮುಂದ, ಬಸ್ಸಿನ್ಯಾಗ, ಊಟಕ್ಕ ಕುಂತಾಗೂ!”

ಡಾಕ್ಟರು ನಕ್ಕುಬಿಟ್ಟರು. “ಸರ್, ಕಿಣ್ವ ಸುಮ್ಮನಾಗ್ಯಾವ್ರಿ. ಈಗ ಉಳಿದವ್ರು ನೀವೊಬ್ಬರ.”

“ಇವರನ್ನ ತಡೆಯೋದು ನನಗ ಬಿಡ್ರಿ” ಎಂದಳು ಸುಮಿತ್ರಾ.

ಹಲ್ಲು ಈಗ ಪೂರ್ತಿ ಗಟ್ಟಿಯಾಗಿದೆ. ಹಾಗೆಂದು ಸುಮಿತ್ರಾ ಹೇಳುತ್ತಾಳೆ. ಮುಟ್ಟಿ ನೋಡಲು ನನಗೆ ಅನುಮತಿಯಿಲ್ಲ.