ಸೊಸೆಗೆ ಮಾಡಿದ ಅಂಟಿನ ಉಂಡೆ

ತಪ್ಪೊಪ್ಪಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ. ಆದರೆ ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಉಂಡೆಯಲ್ಲಿ ಯಾವ ದೋಷವೂ ಇರಲಿಲ್ಲ. ಪಾಕ ಸರಿಯಿತ್ತು, ತುಪ್ಪ ಸರಿಯಿತ್ತು. ದೋಷ ಉಂಡೆ ಮಾಡಿದವನದ್ದು ಎಂದು ನನ್ನ ಮನೆಯವರು ಸರ್ವಾನುಮತದಿಂದ ತೀರ್ಮಾನಿಸಿದ್ದಾರೆ.

ನಾನು ಉಡುಪಿ ಕಡೆಯವನು. ಮುಂಬಯಿಯ ಕುರ್ಲಾದ ಹೋಟೆಲೊಂದರಲ್ಲಿ ಸಿಹಿತಿಂಡಿ ಮಾಡುತ್ತಲೇ ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸಿ ಮುಗಿಸಿದವನು. ಈಗ ನಿವೃತ್ತನಾಗಿ ಬೊರಿವಲಿಯ ಫ್ಲಾಟಿನಲ್ಲಿ ಹೆಂಡತಿ ಸುಮತಿ, ಮಗ ಪ್ರಸಾದ, ಸೊಸೆ ಶ್ವೇತಾ ಜೊತೆಗಿದ್ದೇನೆ. ಮದುವೆಯಾದಾಗಿನಿಂದ ಮಗುವಿನ ಮಾತೆತ್ತದ ಶ್ವೇತಾ ಒಂದು ಭಾನುವಾರ ಊಟಕ್ಕೆ ಕೂತಾಗ ತಾನೇ ವಿಷಯ ತೆಗೆದಳು. ಗಂಡ ಹೆಂಡತಿ ಡಾಕ್ಟರನ್ನು ಕಂಡು ಬಂದಿದ್ದರಂತೆ. ಗರ್ಭ ಧರಿಸುವ ಮುಂಚೆಯೇ ಮೂರು ತಿಂಗಳು ದೇಹವನ್ನೂ ಮನಸ್ಸನ್ನೂ ಸಿದ್ಧಮಾಡಿಕೊಳ್ಳಬೇಕಂತೆ. ಶ್ವೇತಾಗೆ ಈಗಿನಿಂದಲೇ ಫೋಲಿಕ್ ಆಸಿಡ್ ಮಾತ್ರೆ, ಇಬ್ಬರಿಗೂ ರಕ್ತಪರೀಕ್ಷೆ, ಹಿತಮಿತವಾದ ಊಟ, ಚೆನ್ನಾಗಿ ನಿದ್ದೆ. ಪ್ರಸಾದ ಸಿಗರೇಟು ಬಿಡಬೇಕು, ತೂಕ ಇಳಿಸಬೇಕು.

“ಇದೆಂತ, ಮಗು ಹುಟ್ಟಿಸ್ಲಿಕ್ಕೂ ಎಸ್ಸೆಸ್ಸಿ ಹಾಗೆ ಪ್ರಿಪರೇಶನ್ನಾ?” ಎಂದೆ. ಯಾರೂ ನಗಲಿಲ್ಲ.

ಅದರಲ್ಲೂ ಪ್ರಸಾದನ ತೂಕದ ವಿಚಾರ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಹೆರುವವಳು ಸೊಸೆ, ಇಳಿಯಬೇಕಾದದ್ದು ಮಗನ ಹೊಟ್ಟೆಯೇ? ಡಾಕ್ಟರಿಗೆ ಎಲ್ಲೋ ವಿಳಾಸ ತಪ್ಪಿದೆ ಎಂದುಕೊಂಡೆ.

ಶ್ವೇತಾ ನನ್ನಿಂದ ಕೇಳಿದ್ದು ಒಂದೇ. “ಮಾವ, ಪ್ಲೀಸ್, ಬಿಲ್ಡಿಂಗ್‌ನಲ್ಲಿ ಯಾರಿಗೂ ಹೇಳ್ಬೇಡಿ. ಎಲ್ಲರೂ ದಿನಾ ಅದನ್ನೇ ಕೇಳ್ತಾರೆ, ಮತ್ತೆ ನನಗೆ ಟೆನ್ಶನ್.”

ನಾನು ಯಾರಿಗೂ ಹೇಳಲಿಲ್ಲ. ಉಂಡೆ ಹೇಳಿತು.

ಅಂಟನ್ನು ತುಪ್ಪದಲ್ಲಿ ಅರಳಿಸಿ, ಕೊಬ್ಬರಿ, ಉತ್ತುತ್ತೆ, ಬಾದಾಮಿ ಸೇರಿಸಿ, ಬೆಲ್ಲದ ಪಾಕದಲ್ಲಿ ಕಟ್ಟುವ ಉಂಡೆ ಅದು. ಬಾಣಂತಿಯರಿಗೆ ಕೊಡುವುದು ವಾಡಿಕೆ. ಸುಮತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಇನ್ನೂ ಬಸುರಿಯೇ ಆಗಿಲ್ಲ, ಬಾಣಂತಿ ಉಂಡೆ ಎಂತಕ್ಕೆ ಮಾರಾಯ್ರೆ?” ಎಂದಳು. ಹೆತ್ತ ಮೇಲೆ ಶಕ್ತಿ ಕೊಡುವ ಉಂಡೆ ಹೆರುವ ಮುಂಚೆ ಕೊಡದೇ ಇರುತ್ತದೆಯೇ ಎಂದು ಶಾಸ್ತ್ರೋಕ್ತವಾಗಿ ಉತ್ತರಿಸಿದೆ. ಆ ತರ್ಕ ಇಂದಿಗೂ ನನಗೆ ಸರಿಯಾಗಿಯೇ ಕಾಣುತ್ತದೆ.

ಪರಿಮಳ ಹಿಡಿದು ಪಕ್ಕದ ಮನೆಯ ಮರಾಠಿ ಹೆಂಗಸು, ಬಿಲ್ಡಿಂಗಿಗೆಲ್ಲ ಕಾಕು, ಬಂದರು. “ಅರೇ, ಡಿಂಕಾಚೇ ಲಾಡೂ! ಶ್ವೇತಾಸಾಠೀ?” ಎಂದು, ಅಂಟಿನ ಉಂಡೆ ಶ್ವೇತಾಗೋ ಎಂಬುದನ್ನು ಮರಾಠಿಯಲ್ಲಿ ಕೇಳಿದರು. ಕೊಟ್ಟ ಮಾತಿಗೆ ತಪ್ಪದೆ ನಾನು ಬಾಯಿ ಬಿಡಲಿಲ್ಲ. ಸುಮ್ಮನೆ ನಕ್ಕು ಅವರ ಕೈಗೆ ಎರಡು ಉಂಡೆ ಇಟ್ಟೆ. ಒಬ್ಬ ಮನುಷ್ಯ ಇದಕ್ಕಿಂತ ಹೆಚ್ಚು ಗುಟ್ಟು ಕಾಪಾಡುವುದಾದರೂ ಹೇಗೆ?

ಮರುದಿನ ಸಂಜೆ ವಿಲೆ ಪಾರ್ಲೆಯ ಆಫೀಸಿನಿಂದ ಬಂದ ಶ್ವೇತಾ ಚಪ್ಪಲಿಯನ್ನೂ ಬಿಡದೆ ನನ್ನ ಮುಂದೆ ನಿಂತಳು.

“ಮಾವ, ಇವತ್ತು ಟ್ರೈನ್‌ನಲ್ಲಿ ನನಗೆ ಸೀಟ್ ಕೊಟ್ರು.”

“ಒಳ್ಳೇದೇ ಆಯ್ತಲ್ಲ ಮಗಳೇ.”

“ಬೊರಿವಲಿ ಲೋಕಲ್‌ನಲ್ಲಿ, ಅದೂ ಸಂಜೆ ಹೊತ್ತಿಗೆ, ಯಾರಾದ್ರೂ ಸುಮ್ನೆ ಸೀಟ್ ಕೊಡ್ತಾರಾ? ನಮ್ಮ ಬಿಲ್ಡಿಂಗ್ ಆಂಟಿ ಎದ್ದು ಕೊಟ್ರು. ಎಷ್ಟು ತಿಂಗಳು ಅಂತ ಕೇಳಿದ್ರು.”

ನಾನು ಫ್ಯಾನಿನ ಕಡೆ ನೋಡಿದೆ. ಅದು ಸರಿಯಾಗಿಯೇ ತಿರುಗುತ್ತಿತ್ತು.

ಅವಳು ಅತ್ತು ಜಗಳವಾಡಿದ್ದರೆ ನಾನು ಸುಧಾರಿಸುತ್ತಿದ್ದೆನೇನೋ. ಅವಳು ಸುಮ್ಮನೆ ಕೋಣೆಗೆ ಹೋದಳು. ಸಮಾಧಾನಕ್ಕೆಂದು ನಾನು ಮರುದಿನದಿಂದ ಅವಳ ಟಿಫಿನ್ ಚೀಲದಲ್ಲಿ ಮೊದಲ ದಿನ ಇಟ್ಟಿದ್ದ ಎರಡರ ಬದಲು ಮೂರು ಉಂಡೆ ಇಡತೊಡಗಿದೆ. ಡಬ್ಬಿ ದಿನವೂ ಖಾಲಿಯಾಗಿ ಬರುತ್ತಿತ್ತು. ಡಬ್ಬಿ ಖಾಲಿಯಾದರೆ ಅಡುಗೆಯವನಿಗೆ ಬೇರೆ ಪ್ರಮಾಣಪತ್ರ ಬೇಕೆ? ಹೊಸ ಪಾಕ ಏರಿಸುತ್ತಿದ್ದೆ.

ಮೂರು ತಿಂಗಳು ಮುಗಿಯಿತು. ಇಬ್ಬರೂ ಡಾಕ್ಟರಲ್ಲಿಗೆ ಹೋಗಿ ಬಂದರು. ನಾನು ಬಾಗಿಲಲ್ಲೇ ನಿಂತು ಫಲಿತಾಂಶ ಕೇಳಿದೆ. ಶ್ವೇತಾ ಪಾಸು. ರಕ್ತ, ತೂಕ ಎಲ್ಲ ಬೇಕಾದಷ್ಟೇ. ಫೇಲಾದವನು ನನ್ನ ಮಗ! ತೂಕ ಇಳಿಯುವ ಬದಲು ಏರಿತ್ತು, ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದು ನಿಂತಿತ್ತು. ಇನ್ನೂ ಮೂರು ತಿಂಗಳು ತಡೆಯಿರಿ ಎಂದು ಡಾಕ್ಟರ್ ಹೇಳಿದ್ದರು.

ವಿಚಾರಣೆಯಲ್ಲಿ ಸತ್ಯ ಹೊರಬಂತು. ತಾನು ತಿನ್ನಲಾರದೆ, ನನ್ನ ಮನಸ್ಸು ನೋಯಿಸಲೂ ಆಗದೆ ಶ್ವೇತಾ ಉಂಡೆಗಳನ್ನು ಪ್ರಸಾದನ ಕೈಗೆ ಕೊಟ್ಟು, ಆಫೀಸಿನಲ್ಲಿ ಹಂಚು ಎನ್ನುತ್ತಿದ್ದಳು. ಅವನು ಹಂಚಿದ್ದ. ಬೆಳಿಗ್ಗೆಗೊಂದು, ಮಧ್ಯಾಹ್ನಕ್ಕೊಂದು, ಟ್ರೈನಿಗೊಂದು.

“ಸಿಗರೇಟ್ ಬಿಟ್ಟಿದ್ದೆ ಅಪ್ಪ. ಬಾಯಿಗೆ ಏನಾದ್ರೂ ಬೇಕಿತ್ತು,” ಎಂದ.

ಶ್ವೇತಾ ಸೋಫಾದ ತುದಿಯಲ್ಲಿ ಕೂತಿದ್ದಳು. “ಮೂರು ತಿಂಗಳು ಒಂದು ವಡಾಪಾವ್ ಮುಟ್ಟಿಲ್ಲ, ಮಾವ,” ಎಂದಳು. ದನಿ ಏರಲಿಲ್ಲ. ಕಣ್ಣು ಮಾತ್ರ ತುಂಬಿತು.

ಹೋಟೆಲಿನಲ್ಲಿ ಮದುವೆ ಆರ್ಡರಿನ ಹಾಲು ಒಡೆದ ದಿನವೂ ನನಗೆ ಅಂಥ ಸಂಕಟವಾಗಿರಲಿಲ್ಲ. ಆ ಹಾಲಿಗೆ ಬದಲು ಹಾಲು ತಂದಿದ್ದೆ. ಈ ಹುಡುಗಿಯ ಮೂರು ತಿಂಗಳನ್ನು ಎಲ್ಲಿಂದ ತರುವುದು? “ತಪ್ಪಾಯ್ತು ಮಗಳೇ,” ಎಂದೆ. ಜೀವಮಾನದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು ಎಂದು ಸುಮತಿ ತಕ್ಷಣ ಸಾಕ್ಷಿ ನುಡಿದಳು.

ಶಿಕ್ಷೆ ಜಾರಿಯಾಯಿತು. ದಿನಾ ಬೆಳಿಗ್ಗೆ ನಾನೇ ಮಗನನ್ನು ಗಾರ್ಡನ್ನಿಗೆ ಕರೆದೊಯ್ದು ನಡೆಸಬೇಕು. ಮೊಳಕೆ ಹೆಸರಿನ ಕೋಸಂಬರಿ ಮಾಡಬೇಕು. ಉಳಿದ ಉಂಡೆಗಳಿಗೆ ಒಂದು ಗತಿ ಕಾಣಿಸಬೇಕು. ಮೂರನ್ನೂ ಚಾಚೂ ತಪ್ಪದೆ ಪಾಲಿಸಿದೆ. ಕೈಯಾರೆ ಕಟ್ಟಿದ ಉಂಡೆಯನ್ನು ಕಸದ ಬುಟ್ಟಿಗೆ ಎಸೆಯಲು ನಾನು ಕಟುಕನೇ? ಮಗ ಗಾರ್ಡನ್ನಿನಲ್ಲಿ ಸುತ್ತು ಹಾಕುವಾಗ ಬೆಂಚಿನ ಮೇಲೆ ಕೂತು ಒಂದೊಂದಕ್ಕೇ ಗತಿ ಕಾಣಿಸಿದೆ.

ಮಗ ಈಗ ತೆಳ್ಳಗಾಗುತ್ತಿದ್ದಾನೆ. ಶ್ವೇತಾ ನನ್ನ ಕೋಸಂಬರಿಯನ್ನು ಎರಡನೇ ಸಲ ಬಡಿಸಿಕೊಳ್ಳುತ್ತಾಳೆ. ನನ್ನ ಅಂಗಿಯ ಗುಂಡಿಗಳು ಮಾತ್ರ ಇತ್ತೀಚೆಗೆ ಸಹಕರಿಸುತ್ತಿಲ್ಲ.

ನಿನ್ನೆ ಲೋಕಲ್‌ನಲ್ಲಿ ಒಬ್ಬ ತರುಣ ಎದ್ದು ನನಗೆ ಸೀಟು ಬಿಟ್ಟುಕೊಟ್ಟ. ನನ್ನ ವಯಸ್ಸಿಗೆ ಕೊಟ್ಟ ಮರ್ಯಾದೆ ಅದು ಎಂದು ನಾನು ಯಾರ ಮುಂದೆ ಬೇಕಾದರೂ ವಾದಿಸಲು ಸಿದ್ಧ. ಅವನ ಕಣ್ಣು ನನ್ನ ಹೊಟ್ಟೆಯ ಮೇಲಿದ್ದದ್ದು ಬೇರೆ ವಿಷಯ.